ಗಾಲ್ಫ್ ಮೈದಾನದ ನಿರ್ವಹಣೆ ಮತ್ತು ಬಸಿಗಾಲುವೆ

ಗಾಲ್ಫ್ ಮೈದಾನದ ನಿರ್ವಹಣೆಯಲ್ಲಿ ಹುಲ್ಲು ಬೆಳೆಸುವುದು, ಕತ್ತರಿಸುವುದು, ಗೊಬ್ಬರ ಮತ್ತು ನೀರು ಕೊಡುವುದು, ರೋಗ ಮತ್ತು ಕಳೆಗಳ ಹತೋಟಿ, ಮರಳುಗುಂಡಿಗಳ ದುರಸ್ತಿ, ಮಳೆನೀರನ್ನು ಬಸಿದು ಹೊರಹಾಕುವುದು ಎಲ್ಲವೂ ಸೇರುತ್ತವೆ. ಇವುಗಳಲ್ಲಿ ಕೊನೆಯದು ಆಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಉಳಿದೆಲ್ಲ ಕೆಲಸಗಳ ಫಲ ನಿಂತಿರುವುದು ಅದರ ಮೇಲೆಯೇ. ನೀರು ನಿಂತ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಸಿಗದ ಬೇರು ಆಳಕ್ಕೆ ಇಳಿಯುವುದಿಲ್ಲ. ಮೇಲೇ ಉಳಿದ ಬೇರು ಬೇಸಗೆಯ ಮೊದಲ ಬಿಸಿಲಿಗೇ ಸೊರಗುತ್ತದೆ. ಹೀಗಾಗಿ ಮಳೆಗಾಲದಲ್ಲಿ ಸರಿಯಾಗಿ ಬಸಿಯದ ಮೈದಾನವೇ ಬೇಸಗೆಯಲ್ಲಿ ಹೆಚ್ಚು ನೀರು ಬೇಡುತ್ತದೆ. ಮಲೆನಾಡಿನ ಅಡಕೆ ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ. ತೋಟದ ಬಸಿಗಾಲುವೆ ಹೂಳು ತುಂಬಿದರೆ ಎಷ್ಟು ಗೊಬ್ಬರ ಹಾಕಿದರೂ ಮರ ಏಳುವುದಿಲ್ಲವೆಂದು ಅವರು ತಲೆತಲಾಂತರದಿಂದ ಬಲ್ಲರು.

ಹದಿನೆಂಟು ಕುಳಿಗಳ ಮೈದಾನವೊಂದು ಸಾಮಾನ್ಯವಾಗಿ 50ರಿಂದ 70 ಹೆಕ್ಟೇರ್ ಜಾಗವನ್ನು ಹಿಡಿಯುತ್ತದೆ. ಒಂದು ಹೆಕ್ಟೇರಿನ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಎರಡೂವರೆ ಲಕ್ಷ ಲೀಟರ್ ನೀರು ಬಿದ್ದಂತೆ. 50 ಹೆಕ್ಟೇರಿಗೆ ಅದು ಒಂದೂಕಾಲು ಕೋಟಿ ಲೀಟರ್. ಇಷ್ಟು ನೀರು ಒಂದೇ ಸಂಜೆ ಬಿದ್ದು, ಮರುದಿನ ಬೆಳಗ್ಗೆ ಆಟಗಾರರು ಬರುವ ಹೊತ್ತಿಗೆ ನೆಲ ಕಾಲಿಗೆ ಅಂಟದಂತಿರಬೇಕು. ಆಟ ಶುರುವಾಗುವ ಟೀ, ಉದ್ದನೆಯ ಹುಲ್ಲುಹಾದಿಯಾದ ಫೇರ್‌ವೇ, ಅದರ ಅಂಚಿನ ಎತ್ತರದ ಹುಲ್ಲಾದ ರಫ್, ಮರಳು ತುಂಬಿದ ಬಂಕರ್, ಕೊನೆಗೆ ಕುಳಿಯಿರುವ ಗ್ರೀನ್ – ಈ ಒಂದೊಂದಕ್ಕೂ ಹುಲ್ಲಿನ ಎತ್ತರ ಬೇರೆ, ಮಣ್ಣು ಬೇರೆ, ನೀರು ಬಸಿಯುವ ಬಗೆಯೂ ಬೇರೆ. ಗ್ರೀನ್‌ಗಳೆಲ್ಲ ಸೇರಿದರೂ ಸುಮಾರು ಒಂದು ಹೆಕ್ಟೇರ್ ಆದೀತು, ಅಷ್ಟೆ. ಆದರೆ ಚೆಂಡನ್ನು ಕುಳಿಗೆ ಉರುಳಿಸುವ, ಪುಟ್ ಎಂಬ ಹೊಡೆತಗಳೆಲ್ಲ ಅಲ್ಲೇ ಬೀಳುತ್ತವೆ, ಕಾಲ್ತುಳಿತ ಅಲ್ಲೇ ಹೆಚ್ಚು, ಕೆಲಸಗಾರರ ಬಹುಪಾಲು ಶ್ರಮವೂ ಅಲ್ಲಿಗೇ ಹೋಗುತ್ತದೆ.

ಕಡಲಂಚಿನ ಮರಳಿನಿಂದ ಒಳನಾಡಿನ ಜೇಡಿಗೆ

ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಎಷ್ಟು ಹಳೆಯದೆಂದರೆ, ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯೆಂದು 1457ರಲ್ಲೇ ಅಲ್ಲಿಯ ಸಂಸತ್ತು ಅದನ್ನು ನಿಷೇಧಿಸಿತ್ತು. ಆಟ ಬೆಳೆದದ್ದು ಕಡಲಿಗೂ ಉಳುಮೆಯ ಹೊಲಕ್ಕೂ ನಡುವಿನ ಮರಳುದಿಬ್ಬಗಳ ಪಟ್ಟಿಯಲ್ಲಿ. ಆ ನೆಲವನ್ನು ಲಿಂಕ್ಸ್ ಎನ್ನುತ್ತಾರೆ. ಬೆಳೆಗೆ ಬಾರದ ಆ ಮರಳು ಆಟಕ್ಕೆ ಹೇಳಿ ಮಾಡಿಸಿದಂತಿತ್ತು: ಎಷ್ಟು ಮಳೆ ಬಂದರೂ ಕುಡಿದುಬಿಡುತ್ತಿತ್ತು, ಫೆಸ್ಕ್ಯೂ, ಬೆಂಟ್ ಎಂಬ ಎಳೆಸಣ್ಣನೆಯ ಹುಲ್ಲುಗಳು ಅದರಲ್ಲಿ ತಾವಾಗಿಯೇ ಹಬ್ಬುತ್ತಿದ್ದವು, ಕುರಿ ಮತ್ತು ಮೊಲಗಳು ಮೇಯ್ದು ಅದನ್ನು ಗಿಡ್ಡವಾಗಿಡುತ್ತಿದ್ದವು. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನದಲ್ಲಿ ಮೊದಲನೆಯ ಮತ್ತು ಹದಿನೆಂಟನೆಯ ಫೇರ್‌ವೇಗಳನ್ನು ದಾಟಿ ಹೋಗುವ ಸ್ವಿಲ್ಕನ್ ಎಂಬ ಕಿರುತೊರೆ ಇಂದಿಗೂ ಕಡಲಿಗೆ ನೀರು ಸಾಗಿಸುತ್ತದೆ. ಅಲ್ಲಿ ಬಸಿಗಾಲುವೆಯನ್ನು ಯಾರೂ ಯೋಜಿಸಬೇಕಾಗಲಿಲ್ಲ.

ಮೈದಾನ ಕಾಯುವುದು ಒಂದು ಕಸುಬಾಗಿ ರೂಪುಗೊಂಡದ್ದು ಟಾಮ್ ಮಾರಿಸ್ ಅವರಿಂದ (1821–1908). ಮಗನಿಂದ ಬೇರ್ಪಡಿಸಿ ಗುರುತಿಸಲು ಇವರನ್ನು ಓಲ್ಡ್ ಟಾಮ್ ಎಂದು ಕರೆಯುತ್ತಾರೆ. 1851ರಲ್ಲಿ ಪ್ರೆಸ್ಟ್‌ವಿಕ್‌ನ ಮೈದಾನ ನೋಡಿಕೊಳ್ಳಲು ಹೋಗಿ, 1860ರ ದಶಕದ ನಡುವೆ ಸೇಂಟ್ ಆಂಡ್ರೂಸ್‌ಗೆ ಮರಳಿದ ಅವರು ನಾಲ್ಕು ದಶಕಗಳ ಹತ್ತಿರ ಅಲ್ಲಿಯ ಹುಲ್ಲನ್ನು ಕಾಯ್ದರು. ಗ್ರೀನ್‌ಗಳ ಮೇಲೆ ತೆಳುವಾಗಿ ಮರಳು ಹರಡುತ್ತ ಬಂದರೆ ಹುಲ್ಲು ದಟ್ಟವಾಗಿ, ನೆಲ ಸಮನಾಗಿ, ನೀರು ಬೇಗ ಇಳಿಯುತ್ತದೆಂಬುದನ್ನು ಅವರು ಅನುಭವದಿಂದ ಕಂಡುಕೊಂಡರು. ಮರಳು ಹಾಕಿ, ಇನ್ನೂ ಹಾಕಿ ಎನ್ನುವುದೇ ಅವರ ಚಿಕಿತ್ಸೆಯಾಗಿತ್ತು. ಭಾನುವಾರ ಆಟಗಾರರಿಗೆ ಬೇಡದಿದ್ದರೂ ನೆಲಕ್ಕೆ ವಿಶ್ರಾಂತಿ ಬೇಕೆಂಬುದು ಅವರ ಇನ್ನೊಂದು ನಿಲುವು. ಕೆಲವು ದೊಡ್ಡ ಪಂದ್ಯಗಳ ಹೊರತು ಹಳೆಯ ಮೈದಾನ ಈಗಲೂ ಭಾನುವಾರ ಆಟಕ್ಕೆ ತೆರೆಯುವುದಿಲ್ಲ. ಇಂದಿನ ಮೈದಾನಗಳ ಆಡಳಿತ ಮಂಡಳಿಗಳು ಓಲ್ಡ್ ಟಾಮ್ ಅವರ ಮರಳನ್ನು ಒಪ್ಪಿಕೊಂಡಿವೆ, ವಿಶ್ರಾಂತಿಯನ್ನು ಮರೆತಿವೆ.

ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಉಣ್ಣೆಯ ಬಟ್ಟೆಯ ಮೇಲಿನ ಜುಂಗು ಕತ್ತರಿಸಲು ಗಿರಣಿಗಳಲ್ಲಿದ್ದ ಸುರುಳಿ ಅಲಗಿನ ಯಂತ್ರವೇ ಅದಕ್ಕೆ ಮಾದರಿ. ಇಂದು ಗ್ರೀನ್ ಕತ್ತರಿಸುವ ಯಂತ್ರದಲ್ಲೂ ಅದೇ ಸುರುಳಿ ಅಲಗಿದೆ. ಕುರಿಗಳ ಹಂಗು ಹರಿದ ಮೇಲೆ ಆಟ ಒಳನಾಡಿಗೆ ನುಗ್ಗಿತು. ಅಲ್ಲಿ ಎದುರಾದದ್ದು ಜೇಡಿಮಣ್ಣು. ಲಂಡನ್ ಸುತ್ತಲಿನ ಮೈದಾನಗಳು ಚಳಿಗಾಲದಲ್ಲಿ ಕೆಸರುಗದ್ದೆಗಳಾಗುತ್ತಿದ್ದವು. ಇದಕ್ಕೆ ಎರಡು ಪರಿಹಾರ ಹೊಳೆದವು. ಒಂದು, ಒಳನಾಡಿನಲ್ಲೇ ಮರಳು ನೆಲ ಹುಡುಕುವುದು. 1901ರಲ್ಲಿ ತೆರೆದ, ವಿಲ್ಲಿ ಪಾರ್ಕ್ ಜೂನಿಯರ್ ರೂಪಿಸಿದ ಸನಿಂಗ್‌ಡೇಲ್ ಆ ಬಗೆಯ ಕುರುಚಲು ಬಯಲಿನ ಮೈದಾನಗಳಲ್ಲಿ ಹೆಸರಾದದ್ದು. ಇನ್ನೊಂದು, ರೈತರಿಂದ ಕಲಿಯುವುದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬ್ರಿಟನ್ನಿನ ಕೃಷಿಕರು ಸುಟ್ಟ ಮಣ್ಣಿನ ಕೊಳವೆಗಳನ್ನು ಹೊಲದಡಿ ಹೂತು ಜೇಡಿನೆಲವನ್ನು ಬಸಿಯುತ್ತಿದ್ದರು. ಅಮೆರಿಕದಲ್ಲಿ ಹೆನ್ರಿ ಫ್ಲ್ಯಾಗ್ ಫ್ರೆಂಚ್ 1859ರಲ್ಲಿ ಕೃಷಿಭೂಮಿಯ ಬಸಿಗಾಲುವೆ ಕುರಿತು ಬರೆದ ಪುಸ್ತಕದಿಂದ ಜಲ್ಲಿ ತುಂಬಿದ ಕಾಲುವೆಗೆ ಅವರ ಹೆಸರೇ ಅಂಟಿಕೊಂಡಿತು. ಗಾಲ್ಫ್ ಈ ವಿದ್ಯೆಯನ್ನು ಹೊಲದಿಂದ ಇಡಿಯಾಗಿ ಎತ್ತಿಕೊಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನಿಗಳು ಇದರ ಕಡೆ ತಿರುಗಿದರು. ಚಾರ್ಲ್ಸ್ ಪೈಪರ್ ಮತ್ತು ರಸೆಲ್ ಓಕ್ಲಿ ಗಾಲ್ಫ್ ಮೈದಾನದ ಹುಲ್ಲಿನ ಬಗ್ಗೆ 1917ರಲ್ಲಿ ಪುಸ್ತಕ ಬರೆದರು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1920ರಲ್ಲಿ ಹುಲ್ಲಿನ ಅಧ್ಯಯನಕ್ಕೇ ಒಂದು ವಿಭಾಗ ತೆರೆಯಿತು. ಇಂಗ್ಲೆಂಡಿನ ಬಿಂಗ್ಲಿಯಲ್ಲಿ 1929ರಲ್ಲಿ ಸಂಶೋಧನಾ ಮಂಡಳಿಯೊಂದು ಹುಟ್ಟಿತು.

ಗ್ರೀನಿನ ಒಡಲು

ಇಂದು ಜಗತ್ತಿನ ಬಹಳಷ್ಟು ಗ್ರೀನ್‌ಗಳಿಗೆ ಆಧಾರವಾಗಿರುವುದು ಯುಎಸ್‌ಜಿಎ 1960ರಲ್ಲಿ ಮೊದಲು ಪ್ರಕಟಿಸಿ, ಆಮೇಲೆ ಹಲವು ಸಲ ತಿದ್ದಿದ ನಿರ್ಮಾಣ ವಿಧಾನ. ಕೆಳಗಿನಿಂದ ಮೇಲಕ್ಕೆ ಅದರ ಕಟ್ಟು ಹೀಗಿದೆ. ಮೊದಲು ನೆಲವನ್ನು ಅಗೆದು, ಮೇಲೆ ಬೇಕಾದ ಏರಿಳಿತವನ್ನೇ ತಳದಲ್ಲೂ ಮೂಡಿಸಿ ಗಟ್ಟಿಮಾಡುತ್ತಾರೆ. ಆ ತಳದಲ್ಲಿ ಕನಿಷ್ಠ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳದ ಕಾಲುವೆಗಳನ್ನು ತೋಡಿ, ರಂಧ್ರಗಳಿರುವ 10 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಕೊಳವೆ ಇಡುತ್ತಾರೆ. ಎರಡು ಕೊಳವೆಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಸಲ್ಲದು. ಇಳಿಜಾರು ಕನಿಷ್ಠ ಇನ್ನೂರಕ್ಕೆ ಒಂದು. ಅದರ ಮೇಲೆ ಇಡೀ ತಳಕ್ಕೆ 10 ಸೆಂಟಿಮೀಟರ್ ದಪ್ಪ ತೊಳೆದ ಜಲ್ಲಿಯ ಪದರ. ಜಲ್ಲಿಯ ಮೇಲೆ 30 ಸೆಂಟಿಮೀಟರ್ ಬೇರುಪದರ: ಬಹುಪಾಲು ಮರಳು, ಸ್ವಲ್ಪ ಸಾವಯವ ಪದಾರ್ಥ. ಮರಳಿನಲ್ಲಿ ಕನಿಷ್ಠ ಶೇ. 60 ಭಾಗದ ಕಣಗಳು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಗಾತ್ರದ್ದಾಗಿರಬೇಕು. ಗೋಡು ಶೇ. 5ನ್ನೂ ಜೇಡಿ ಶೇ. 3ನ್ನೂ ದಾಟಬಾರದು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಈ ಮಿಶ್ರಣದ ಮೂಲಕ ಗಂಟೆಗೆ ಕನಿಷ್ಠ 150 ಮಿಲಿಮೀಟರ್ ನೀರು ಇಳಿಯಬೇಕು.

ಇದರ ಜಾಣತನವಿರುವುದು ಮರಳು ಮತ್ತು ಜಲ್ಲಿ ಸಂಧಿಸುವ ಗೆರೆಯಲ್ಲಿ. ಜಲ್ಲಿ ಇರುವುದು ನೀರು ಸರಕ್ಕನೆ ಇಳಿಯಲೆಂದು ಎಂದೇ ಎಲ್ಲರೂ ಊಹಿಸುತ್ತಾರೆ. ಅದು ಅರ್ಧ ಸತ್ಯ. ಮರಳಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಜಲ್ಲಿಯ ದೊಡ್ಡ ಸಂದುಗಳಿಗೆ ಆ ಹಿಡಿತದಿಂದ ನೀರನ್ನು ಎಳೆದುಕೊಳ್ಳುವ ಬಲವಿಲ್ಲ. ಹಾಗಾಗಿ ಗೆರೆಯ ಮೇಲೆ ಮರಳಿನಲ್ಲೇ ನೀರು ತಂಗುತ್ತದೆ. ಮೇಲಿನಿಂದ ಇನ್ನಷ್ಟು ಮಳೆ ಸೇರಿ, ನೀರಿನ ಭಾರವು ಮರಳಿನ ಹಿಡಿತವನ್ನು ಮೀರಿದಾಗ ಹೆಚ್ಚಿನದೆಲ್ಲ ಒಮ್ಮೆಗೇ ಜಲ್ಲಿಗೆ ಇಳಿದು ಕೊಳವೆ ಸೇರುತ್ತದೆ. ಜಡಿಮಳೆಯಲ್ಲಿ ಬೇಗ ಬಸಿಯುವ, ಬಿಸಿಲಿನಲ್ಲಿ ಬೇರಿನ ಕೆಳಗೆ ತೇವ ಕಾಪಾಡುವ ಎರಡು ಗುಣಗಳೂ ಒಂದೇ ಕಟ್ಟಿನಿಂದ ದೊರೆಯುವುದು ಹೀಗೆ. ಬೇರುಪದರದ ದಪ್ಪ ಎಲ್ಲೆಡೆ ಒಂದೇ ಇರಬೇಕೆಂಬ ಹಟಕ್ಕೂ ಇದೇ ಕಾರಣ. ಒಂದು ಮೂಲೆಯಲ್ಲಿ ಅದು 20 ಸೆಂಟಿಮೀಟರಿಗೆ ಇಳಿದರೆ ತಂಗಿದ ನೀರು ಬೇರಿನ ಮಟ್ಟಕ್ಕೇ ಬರುತ್ತದೆ. 40ಕ್ಕೆ ಏರಿದರೆ ಅಲ್ಲಿಯ ಹುಲ್ಲು ಮೊದಲು ಒಣಗುತ್ತದೆ. ಗ್ರೀನ್ ಕಟ್ಟುವ ಗುತ್ತಿಗೆದಾರ ಅಳತೆಗೋಲು ಹಿಡಿದು ಅಂಗುಲ ಅಂಗುಲ ನೋಡಬೇಕಾದ ಘಟ್ಟವಿದು. ಇಲ್ಲಿ ಉಳಿಸಿದ ದುಡ್ಡನ್ನು ಆಮೇಲೆ ಹತ್ತಾರು ವರ್ಷ ಶಿಲೀಂಧ್ರನಾಶಕದ ಲೆಕ್ಕದಲ್ಲಿ ತೆರಬೇಕಾಗುತ್ತದೆ.

ಕೊಳವೆಯ ಸುತ್ತ ಬಟ್ಟೆಯಂಥ ಜಾಲರಿ ಸುತ್ತುವ ರೂಢಿ ಕಟ್ಟಡದ ಕೆಲಸದಿಂದ ಬಂದಿದೆ. ಗ್ರೀನಿನೊಳಗೆ ಅದು ಬೇಡವೆಂದು ಯುಎಸ್‌ಜಿಎ ವಿಧಾನ ಸ್ಪಷ್ಟವಾಗಿ ಹೇಳುತ್ತದೆ: ನುಣ್ಣನೆಯ ಕಣಗಳು ಆ ಬಟ್ಟೆಯಲ್ಲಿ ಕೂತು ಅದನ್ನೇ ಮುಚ್ಚಳವಾಗಿ ಮಾಡುತ್ತವೆ. ಜಲ್ಲಿ ಮತ್ತು ಮರಳಿನ ಗಾತ್ರ ಒಂದಕ್ಕೊಂದು ಹೊಂದಿದ್ದರೆ ಮರಳು ತಾನಾಗಿಯೇ ಜಲ್ಲಿಯ ಮೇಲೆ ಕಮಾನು ಕಟ್ಟಿ ನಿಲ್ಲುತ್ತದೆ. ಹೊಂದದಿದ್ದರೆ ನಡುವೆ ದಪ್ಪ ಮರಳಿನ ಇನ್ನೊಂದು ತೆಳು ಪದರ ಹಾಕಬೇಕು. ಖರ್ಚು ಕಡಿಮೆ ಮಾಡಲು ಜಲ್ಲಿಯ ಪದರವನ್ನೇ ಬಿಟ್ಟು, ಊರ ಮಣ್ಣಿನಲ್ಲಿ ತೋಡಿದ ಕೊಳವೆಗಳ ಮೇಲೆ ನೇರವಾಗಿ ಮರಳು ತುಂಬುವ ವಿಧಾನವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಲಸದಿಂದ ಬಂದದ್ದಾದ್ದರಿಂದ ಅದಕ್ಕೆ ಕ್ಯಾಲಿಫೋರ್ನಿಯಾ ಗ್ರೀನ್ ಎಂದು ಹೆಸರು.

ಕಟ್ಟಿದ ಗ್ರೀನ್ ಹಾಗೇ ಉಳಿಯುವುದಿಲ್ಲ. ಸತ್ತ ಬೇರು, ಬುಡಕಾಂಡಗಳು ಮೇಲಿನ ಒಂದೆರಡು ಅಂಗುಲದಲ್ಲಿ ಸ್ಪಂಜಿನಂತೆ ಸೇರಿಕೊಳ್ಳುತ್ತವೆ. ಇದನ್ನು ಥ್ಯಾಚ್ ಎನ್ನುತ್ತಾರೆ. ಗಂಟೆಗೆ 150 ಮಿಲಿಮೀಟರ್ ಇಳಿಯುತ್ತಿದ್ದ ನೀರು ಕೆಲವೇ ವರ್ಷಗಳಲ್ಲಿ ಅದರ ಒಂದು ಚೂರು ವೇಗಕ್ಕೆ ಇಳಿಯುವುದುಂಟು. ಏನಾಗಿದೆಯೆಂದು ತಿಳಿಯಲು ಕುಳಿ ಕತ್ತರಿಸುವ ಉಪಕರಣವೇ ಸಾಕು. 108 ಮಿಲಿಮೀಟರ್ ಅಗಲದ ಆ ಉಕ್ಕಿನ ಬಳೆಯನ್ನು ನೆಲಕ್ಕೆ ಒತ್ತಿ ತಿರುಗಿಸಿ ಎತ್ತಿದರೆ ಮಣ್ಣಿನ ಒಂದು ಉರುಳೆ ಕೈಗೆ ಬರುತ್ತದೆ. ಆರೋಗ್ಯವಂತ ಗ್ರೀನಿನ ಉರುಳೆಯಲ್ಲಿ ಬಿಳಿ ಬೇರುಗಳು ಕೆಳತನಕ ಜೋತಿರುತ್ತವೆ, ಮರಳು ಒಂದೇ ಬಣ್ಣದ್ದಾಗಿರುತ್ತದೆ. ಬಸಿಯದ ಗ್ರೀನಿನದಾದರೆ ಎರಡು ಮೂರು ಅಂಗುಲದ ಕೆಳಗೆ ಕಾಡಿಗೆಯಂಥ ಕಪ್ಪು ಗೆರೆ ಕಾಣುತ್ತದೆ. ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಿಲ್ಲದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಗಂಧಕದ ಲವಣಗಳನ್ನು ಹೈಡ್ರೋಜನ್ ಸಲ್ಫೈಡ್ ಆಗಿಸಿದ್ದರ ಗುರುತು ಅದು. ಆ ಗೆರೆಯ ಕೆಳಗೆ ಬೇರು ಇಳಿಯುವುದಿಲ್ಲ.

ದಿನದ ಕೆಲಸ

ಗ್ರೀನ್ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ. ಇಬ್ಬನಿ ಕೊಡವಬೇಕು, ಕುಳಿಯನ್ನು ಹೊಸ ಜಾಗಕ್ಕೆ ಬದಲಿಸಬೇಕು, ಚೆಂಡು ಬಿದ್ದು ಆದ ತಗ್ಗುಗಳನ್ನು ಸರಿಪಡಿಸಬೇಕು, ಆಮೇಲೆ ಕತ್ತರಿ. ಗ್ರೀನಿನ ಹುಲ್ಲು 3ರಿಂದ 4 ಮಿಲಿಮೀಟರ್ ಎತ್ತರ, ದೊಡ್ಡ ಪಂದ್ಯಗಳಲ್ಲಿ ಇನ್ನೂ ಕಡಿಮೆ. ಫೇರ್‌ವೇಗೆ ಒಂದು ಸೆಂಟಿಮೀಟರಿನ ಆಸುಪಾಸು. ರಫ್ ನಾಲ್ಕೈದು ಸೆಂಟಿಮೀಟರಿಗೆ ಕಡಿಮೆಯಿಲ್ಲ. ಅಲಗು ಮೊಂಡಾದರೆ ಹುಲ್ಲಿನ ತುದಿ ಹರಿದು ಬೆಳ್ಳಗಾಗುತ್ತದೆ, ರೋಗ ಅಲ್ಲಿಂದಲೇ ಒಳಹೊಗುತ್ತದೆ. ಆದ್ದರಿಂದ ಸಾಣೆ ಹಿಡಿಯುವ ಮೆಕ್ಯಾನಿಕ್ ಮೈದಾನದ ಮುಖ್ಯ ಕೆಲಸಗಾರರಲ್ಲಿ ಒಬ್ಬ.

ಗ್ರೀನಿನ ವೇಗ ಅಳೆಯಲು ಸ್ಟಿಂಪ್‌ಮೀಟರ್ ಇದೆ. ಓಕ್‌ಮಾಂಟ್‌ನಲ್ಲಿ 1935ರಲ್ಲಿ ನಡೆದ ಯುಎಸ್ ಓಪನ್ ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ ಸರಳ ಜಾರುಪಟ್ಟಿ ಅದು. ತಿದ್ದಿದ ರೂಪವನ್ನು ಯುಎಸ್‌ಜಿಎ 1978ರಲ್ಲಿ ಮೈದಾನಗಳಿಗೆ ಒದಗಿಸಿತು. ಪಟ್ಟಿಯಿಂದ ಜಾರಿದ ಚೆಂಡು ಎಷ್ಟು ಅಡಿ ಉರುಳುತ್ತದೋ ಅದೇ ವೇಗದ ಅಂಕಿ. ಗ್ರೀನ್‌ಗಳೆಲ್ಲ ಒಂದೇ ಸಮ ಇರಲೆಂದು ಹುಟ್ಟಿದ ಉಪಕರಣ ಈಗ ಕ್ಲಬ್‌ಗಳ ನಡುವಿನ ಪೈಪೋಟಿಯ ಅಳತೆಯಾಗಿದೆ. ಸದಸ್ಯರು ಇನ್ನೂ ವೇಗ ಬೇಕೆನ್ನುತ್ತಾರೆ, ಹುಲ್ಲು ಇನ್ನೂ ಗಿಡ್ಡವಾಗುತ್ತದೆ, ಎಲೆ ಕಡಿಮೆಯಾದಷ್ಟೂ ಬೇರು ಮೇಲೇರುತ್ತದೆ. ಮೈದಾನದ ಆರೋಗ್ಯಕ್ಕೆ ಈ ಹಂಬಲದಷ್ಟು ಕೇಡು ಮಾಡಿದ್ದು ಬೇರೆ ಇಲ್ಲ.

ಥ್ಯಾಚಿಗೆ ಮದ್ದು ಎರಡು. ಟೊಳ್ಳು ಹಲ್ಲುಗಳ ಯಂತ್ರದಿಂದ ನೆಲವನ್ನು ಚುಚ್ಚಿ, ಬೆರಳು ಗಾತ್ರದ ಮಣ್ಣಿನ ತುಣುಕುಗಳನ್ನು ಹೊರತೆಗೆದು, ತೂತುಗಳಿಗೆ ಒಣ ಮರಳು ತುಂಬುವುದು ಒಂದು. ಹುಲ್ಲು ಬೆಳೆಯುವ ಕಾಲದಲ್ಲಿ ಆಗಾಗ ತೆಳುವಾಗಿ ಮರಳು ಹರಡುತ್ತ ಹೋಗುವುದು ಇನ್ನೊಂದು. ಮೊದಲನೆಯದರಿಂದ ಒಂದೆರಡು ವಾರ ಗ್ರೀನ್ ಒರಟಾಗುತ್ತದೆ, ಆಟಗಾರರು ಗೊಣಗುತ್ತಾರೆ. ಆದರೂ ತಪ್ಪಿಸುವಂತಿಲ್ಲ. ನಮ್ಮಂಥ ಬಿಸಿನಾಡಿನ ಹುಲ್ಲಿಗೆ ಈ ಕೆಲಸವನ್ನು ಅದು ಚುರುಕಾಗಿ ಬೆಳೆಯುವಾಗಲೇ, ಅಂದರೆ ಮುಂಗಾರಿಗೆ ಮುಂಚಿನ ವಾರಗಳಲ್ಲಿ ಮಾಡಿದರೆ ಗಾಯ ಬೇಗ ಮಾಯುತ್ತದೆ, ಮಳೆ ಬರುವಷ್ಟರಲ್ಲಿ ನೆಲ ತೆರೆದಿರುತ್ತದೆ.

ಬಿಸಿನಾಡಿನ ಗ್ರೀನ್‌ಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಕುಲವೇ. ಗರಿಕೆಯನ್ನು ಆಫ್ರಿಕಾದ ಸಣ್ಣೆಲೆಯ ಸೋದರ ಜಾತಿಯೊಂದಿಗೆ ಕೂಡಿಸಿ, ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಹಲವು ತಳಿಗಳನ್ನು ಹೊರತಂದರು. 1956ರ ಟಿಫ್‌ಗ್ರೀನ್, 1960ರ ಟಿಫ್‌ವೇ, 1965ರ ಟಿಫ್‌ಡ್ವಾರ್ಫ್ ಅವುಗಳಲ್ಲಿ ಮುಖ್ಯವಾದವು. ಚಳಿನಾಡಿನಲ್ಲಿ ಬೆಂಟ್ ಹುಲ್ಲೇ ರಾಣಿ. 1950ರ ದಶಕದಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ಪೆನ್‌ಕ್ರಾಸ್ ತಳಿ ದಶಕಗಳ ಕಾಲ ಎಲ್ಲೆಡೆ ಹರಡಿತ್ತು. ಉಪ್ಪುನೀರು ತಡೆಯುವ ಪಾಸ್ಪಾಲಮ್ ಕರಾವಳಿಗಳಲ್ಲಿ ನೆಲೆಯೂರುತ್ತಿದೆ.

ಬಸಿಗಾಲುವೆ ಸುಧಾರಣೆಯ ಯೋಜನೆಗಳು

ಹಳೆಯ ಮೈದಾನದಲ್ಲಿ ನೀರು ನಿಲ್ಲತೊಡಗಿದಾಗ ಮೊದಲು ಕೊಳವೆ ತರಿಸುವುದು ದೊಡ್ಡ ತಪ್ಪು. ಮೊದಲು ಹುಡುಕಬೇಕಾದದ್ದು ನೀರಿನ ಕೊನೆಯ ದಾರಿ. ಮೈದಾನದ ಅತಿ ತಗ್ಗಿನ ಜಾಗ ಯಾವುದು, ಅಲ್ಲಿಂದ ನೀರು ಹಳ್ಳಕ್ಕೆ ಹೋಗುತ್ತದೋ ಕೆರೆಗೋ, ಮಳೆಗಾಲದಲ್ಲಿ ಆ ಹಳ್ಳವೇ ತುಂಬಿ ಹಿಂದಕ್ಕೆ ಒತ್ತುತ್ತದೋ ಎಂಬುದು ತಿಳಿಯದೆ ಹೂತ ಕೊಳವೆಗಳೆಲ್ಲ ನೆಲದಡಿಯ ತೊಟ್ಟಿಗಳಾಗಿಬಿಡುತ್ತವೆ. ಎರಡನೆಯದಾಗಿ, ನೀರು ಎಲ್ಲಿಂದ ಬರುತ್ತದೆ? ಮೇಲಿನ ಇಳಿಜಾರಿನಿಂದ ಹರಿದು ಬರುವುದಾದರೆ ಫೇರ್‌ವೇಯ ಅಂಚಿನಲ್ಲೇ ತಡೆಯುವ ಅಗಲ ತಗ್ಗುಗಾಲುವೆ ಸಾಕು. ಗುಡ್ಡದ ಬುಡದಲ್ಲಿ ಒಸರುವುದಾದರೆ ಒಸರಿಗೆ ಅಡ್ಡಲಾಗಿ ಆಳದ ಕಾಲುವೆ ಬೇಕು. ಬಿದ್ದ ಮಳೆ ಬಿದ್ದಲ್ಲೇ ಇಂಗದೆ ನಿಲ್ಲುವುದಾದರೆ ದೋಷವಿರುವುದು ಮಣ್ಣಿನಲ್ಲಿ. ಒಳ್ಳೆಯ ಎಂಜಿನಿಯರ್ ಜಡಿಮಳೆಯಲ್ಲೇ ಕೊಡೆ ಹಿಡಿದು ಮೈದಾನ ಸುತ್ತುತ್ತಾನೆ, ನೀರು ನಿಂತಲ್ಲೆಲ್ಲ ಗೂಟ ನೆಡುತ್ತಾನೆ. ಬಿಸಿಲಿನಲ್ಲಿ ಮಾಡಿದ ಸಮೀಕ್ಷೆಗೆ ಇದು ಸಿಗುವುದಿಲ್ಲ.

ಮೇಲ್ಮೈಯ ಇಳಿಜಾರಿಗಿಂತ ಅಗ್ಗದ ಬಸಿಗಾಲುವೆ ಇಲ್ಲ. ಫೇರ್‌ವೇಗೆ ನೂರಕ್ಕೆ ಎರಡರಷ್ಟು ಇಳಿಜಾರಿದ್ದರೆ ಬಹುಪಾಲು ನೀರು ತಾನಾಗಿ ಸರಿಯುತ್ತದೆ. ಅದಿಲ್ಲದಲ್ಲಿ ಮೀನಿನ ಮುಳ್ಳಿನ ಆಕಾರದಲ್ಲಿ ನಡುಗೊಳವೆಗೆ ಕವಲುಗಳು ಸೇರುವಂತೆ ಜಾಲ ಹೂಳುತ್ತಾರೆ. ಹುಲ್ಲಿನ ಹಾಸನ್ನು ಯಂತ್ರದಿಂದ ಚಾಪೆಯಂತೆ ಸುಲಿದು ಬದಿಗಿಡುವುದು, ಲೇಸರ್ ಮಟ್ಟ ನೋಡಿ ಅಗೆಯುವುದು, ತಳಕ್ಕೆ ಜಲ್ಲಿ, ಕೊಳವೆ, ಮತ್ತೆ ಜಲ್ಲಿ, ಮೇಲೆ ದಪ್ಪ ಮರಳು, ಕೊನೆಗೆ ಹುಲ್ಲು. ಅಗೆದ ಜೇಡಿಮಣ್ಣನ್ನೇ ಮೇಲೆ ಮುಚ್ಚಿದರೆ ಇಷ್ಟೂ ಶ್ರಮ ವ್ಯರ್ಥ: ನೀರು ಕೊಳವೆಯ ತನಕ ತಲುಪುವುದೇ ಇಲ್ಲ. ಮರಳಿನ ಪಟ್ಟಿ ನೆಲದ ಮೇಲ್ಮೈಯವರೆಗೂ ತೆರೆದಿರಬೇಕು, ಮುಂದೆಯೂ ಅದರ ಮೇಲೆ ಮರಳನ್ನೇ ಹರಡುತ್ತಿರಬೇಕು. ಕೊಳವೆಗಳು ಕೂಡುವಲ್ಲಿ ತೊಟ್ಟಿ ಕಟ್ಟಿ, ವರ್ಷಕ್ಕೊಮ್ಮೆಯಾದರೂ ಹೂಳು ತೆಗೆಯಬೇಕು. ಹೂತದ್ದರ ನಕ್ಷೆಯನ್ನು ಅಳತೆಸಹಿತ ಬರೆದಿಡುವುದು ಇದೆಲ್ಲಕ್ಕಿಂತ ಮುಖ್ಯ. ನಕ್ಷೆ ಇಲ್ಲದ ಮೈದಾನದಲ್ಲಿ ಮೇಸ್ತ್ರಿ ನಿವೃತ್ತನಾದ ದಿನವೇ ಬಸಿಗಾಲುವೆಯ ಜ್ಞಾನವೂ ಗೇಟು ದಾಟಿಹೋಗುತ್ತದೆ.

ಬಂಕರ್‌ಗಳ ತೊಂದರೆ ಬೇರೆ ರೀತಿಯದು. ಇಳಿಜಾರಿನ ಗೋಡೆಯ ಮೇಲಿನ ಮರಳು ಮಳೆಗೆ ಕೊಚ್ಚಿ ತಳಕ್ಕಿಳಿಯುತ್ತದೆ, ಅಡಿಯ ಕೆಮ್ಮಣ್ಣು ಮರಳಿಗೆ ಬೆರೆಯುತ್ತದೆ. ಪ್ರತಿ ಮಳೆಯ ಮರುದಿನ ಕೆಲಸಗಾರರು ಗುದ್ದಲಿ ಹಿಡಿದು ಅದನ್ನೆಲ್ಲ ಮೇಲಕ್ಕೆ ಎಳೆಯಬೇಕು. ಈಚೆಗೆ ಮರಳಿನಡಿ ಅಂಟಿನಿಂದ ಬಂಧಿಸಿದ ಜಲ್ಲಿ ಅಥವಾ ನೀರು ಇಳಿಯುವ ಕಾಂಕ್ರೀಟಿನ ಪದರ ಹಾಕುವುದು ಹೆಚ್ಚಿದೆ. ಮೊದಲ ಖರ್ಚು ಭಾರಿಯಾದರೂ ಕೂಲಿಯ ಉಳಿತಾಯದಲ್ಲಿ ಅದು ಮರಳಿ ಬರುತ್ತದೆ.

ಜೌಗು ನೆಲವನ್ನೇ ಮೈದಾನವಾಗಿಸಿದ ಹೆಸರಾಂತ ನಿದರ್ಶನ ಫ್ಲಾರಿಡಾದ ಟಿಪಿಸಿ ಸಾಗ್ರಾಸ್. 1980ರಲ್ಲಿ ತೆರೆದ ಇದನ್ನು ರೂಪಿಸಿದವರು ಪೀಟ್ ಡೈ. ಕೆರೆಗಳನ್ನು ತೋಡಿ, ಆ ಮಣ್ಣಿನಿಂದಲೇ ಫೇರ್‌ವೇಗಳನ್ನು ಎತ್ತರಿಸಿದರು. ಹದಿನೇಳನೆಯ ಗ್ರೀನಿನ ಬಳಿ ಒಳ್ಳೆಯ ಮರಳು ಸಿಕ್ಕಿತೆಂದು ತೋಡುತ್ತಲೇ ಹೋಗಿ ದೊಡ್ಡ ಹಳ್ಳವಾಯಿತು. ಗ್ರೀನನ್ನೇ ನೀರಿನಿಂದ ಸುತ್ತುವರಿದ ದ್ವೀಪವಾಗಿಸಬಹುದೆಂದು ಸೂಚಿಸಿದವರು ಪೀಟ್ ಅವರ ಪತ್ನಿ ಆಲಿಸ್ ಡೈ. ಇಂದು ಟಿವಿಯಲ್ಲಿ ಅತಿ ಹೆಚ್ಚು ಕಾಣುವ ಗ್ರೀನ್‌ಗಳಲ್ಲಿ ಒಂದಾದ ಅದು ಮರಳಿಗಾಗಿ ಮಾಡಿದ ಅಗೆತದ ಕೂಸು. 2006ರಲ್ಲಿ ಮತ್ತೆ ಆ ಮೈದಾನದ ಹುಲ್ಲನ್ನೆಲ್ಲ ಸುಲಿದು, ಫೇರ್‌ವೇಗಳಿಗೆ ಮರಳಿನ ಹೊದಿಕೆ ಹಾಕಿ, ಹೊಸ ಕೊಳವೆಗಳನ್ನು ಹೂಳಲಾಯಿತು. ಗ್ರೀನಿನಡಿಯ ಕೊಳವೆಗಳಿಗೆ ಪಂಪು ಜೋಡಿಸಿ ನೀರನ್ನು ಹೀರುವ, ಬೇಕಾದಾಗ ಬೇರಿಗೆ ಗಾಳಿ ಊದುವ ಸಬ್‌ಏರ್ ವ್ಯವಸ್ಥೆ ಹುಟ್ಟಿದ್ದು ಇನ್ನೊಂದು ಹೆಸರಾಂತ ಮೈದಾನದ, ಅಗಸ್ಟಾ ನ್ಯಾಷನಲ್‌ನ, ಮೇಲ್ವಿಚಾರಕ ಮಾರ್ಷ್ ಬೆನ್ಸನ್ ಅವರ ತಲೆಯಲ್ಲಿ, 1990ರ ದಶಕದಲ್ಲಿ.

ಹವಾಮಾನಕ್ಕೆ ಹೊಂದಿಕೊಳ್ಳಲು ಜಪಾನಿನವರು ಹೂಡಿದ್ದ ಉಪಾಯ ಸ್ವಾರಸ್ಯಕರ. ಬೇಸಗೆಯ ಸೆಕೆ ಮತ್ತು ಚಳಿಗಾಲದ ಹಿಮ ಎರಡಕ್ಕೂ ಒಗ್ಗುವ ಒಂದೇ ಹುಲ್ಲು ಇಲ್ಲವೆಂದು ಅವರು ಬಹುಕಾಲ ಪ್ರತಿ ಕುಳಿಗೂ ಎರಡೆರಡು ಗ್ರೀನ್ ಇಟ್ಟುಕೊಂಡಿದ್ದರು. 1929ರಲ್ಲಿ ಆರಂಭವಾದ ಕಸುಮಿಗಸೆಕಿ ಕ್ಲಬ್ ಟೋಕಿಯೊ ಒಲಿಂಪಿಕ್ಸ್‌ಗೆ ಸಿದ್ಧವಾಗುವಾಗ ಟಾಮ್ ಫಾಜಿಯೊ ಮತ್ತು ಲೋಗನ್ ಫಾಜಿಯೊ ಅದನ್ನು ಒಂಟಿ ಗ್ರೀನಿನ ಮೈದಾನವಾಗಿ ಬದಲಿಸಿದರು. 2021ರ ಆಗಸ್ಟ್ 7ರಂದು ಅಲ್ಲಿಯೇ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದದ್ದು. ಅಂದು ಕೊನೆಯ ಕುಳಿಗಳಲ್ಲಿ ಗುಡುಗುಮಳೆ ಆಟ ನಿಲ್ಲಿಸಿತ್ತು. ಮಳೆ ನಿಂತ ಮೇಲೆ ಅದೇ ದಿನ ಆಟ ಮುಗಿಯಿತು.

ಭಾರತ ಮತ್ತು ಕರ್ನಾಟಕ

ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯ ಕ್ಲಬ್ ಕೋಲ್ಕತ್ತಾದ ರಾಯಲ್ ಕಲ್ಕತ್ತಾ. ಅದು ಹುಟ್ಟಿದ್ದು 1829ರಲ್ಲಿ. ಗಂಗೆಯ ಮೆಕ್ಕಲಿನ ಚಪ್ಪಟೆ ನೆಲದಲ್ಲಿರುವ ಅಲ್ಲಿಯ ಮೈದಾನದ ತುಂಬ ಕೊಳಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು, ನಗರದ ನಡುವೆಯೇ ಉಳಿದುಕೊಂಡಿದೆ. ಮೈಸೂರು, ಚಿಕ್ಕಮಗಳೂರು, ಮಡಿಕೇರಿ, ವಿರಾಜಪೇಟೆಯ ಬಿಟ್ಟಂಗಾಲಗಳಲ್ಲೂ ಮೈದಾನಗಳಿವೆ. ಕೊಡಗಿನ ಮೈದಾನಕ್ಕೆ ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆಯ ಚಿಂತೆ. ಬೆಂಗಳೂರಿಗೆ ಒಂದೆರಡು ಗಂಟೆಯಲ್ಲಿ ಸುರಿದು ಹೋಗುವ ಮಳೆಯದು. ಬೆಂಗಳೂರಿನ ವಾರ್ಷಿಕ ಮಳೆ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನದು. ಕೆಮ್ಮಣ್ಣಿನ ಮೇಲ್ಪದರ ಮಳೆಹನಿಯ ಹೊಡೆತಕ್ಕೆ ಬೇಗ ಹೆಪ್ಪುಗಟ್ಟಿ ನೀರನ್ನು ಒಳಗೆ ಬಿಡುವುದಿಲ್ಲ. ನದಿಮರಳು ದುರ್ಲಭವಾಗಿರುವುದರಿಂದ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸುವ ಆಸೆ ಸಹಜ. ಆದರೆ ಅದರಲ್ಲಿರುವ ಕಲ್ಲುಪುಡಿಯನ್ನು ಚೆನ್ನಾಗಿ ತೊಳೆಯದೆ, ಕಣದ ಗಾತ್ರ ಪರೀಕ್ಷಿಸದೆ ಗ್ರೀನಿಗೆ ಹಾಕಿದರೆ ಅದು ಗಾರೆಯಂತೆ ಕೂತುಬಿಡುತ್ತದೆ.

ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಕತೆ ಈ ವಿಷಯದಲ್ಲಿ ಗಮನಾರ್ಹ. ಬ್ರಿಟಿಷ್ ಓಪನ್ ಅನ್ನು ಐದು ಸಲ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ರೂಪಿಸಿದ ಇದು 1980ರ ದಶಕದಲ್ಲಿ ಎದ್ದದ್ದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಆ ಕಣಿವೆಯ ನೀರು ಬೆಳ್ಳಂದೂರು ಕೆರೆಯ ಕಡೆ ಹರಿಯುವಂಥದ್ದು. ಕೆರೆಯಂಗಳವೆಂದರೆ ಸುತ್ತಲಿನ ನೀರೆಲ್ಲ ಬಂದು ಸೇರುವ ತಗ್ಗು, ತಳದಲ್ಲಿ ತಲೆಮಾರುಗಳ ಹೂಳು. ಅಂಥ ನೆಲದಲ್ಲಿ ಮೈದಾನ ಬಾಳಬೇಕಾದರೆ ಬರುವ ನೀರಿಗೆ ಕೊಳಗಳನ್ನೂ ಹೋಗುವ ನೀರಿಗೆ ಕೋಡಿಯನ್ನೂ ಬಿಟ್ಟುಕೊಡಲೇಬೇಕು. ನಗರದಲ್ಲಿ ಕಳೆದುಹೋದ ಕೆರೆಗಳ ಮಾತು ಬಂದಾಗ ಚಲ್ಲಘಟ್ಟದ ಹೆಸರೂ ಬರುತ್ತದೆ. ಅದು ನ್ಯಾಯವಾದ ಮಾತು. ಆದರೆ ಉಳಿದ ಎಷ್ಟೋ ಕೆರೆಯಂಗಳಗಳು ಪೂರ್ತಿ ಕಾಂಕ್ರೀಟಾಗಿರುವಾಗ, ಇಲ್ಲಿ ಮಳೆ ಬೀಳಲು ತೆರೆದ ನೆಲವಾದರೂ ಉಳಿದಿದೆ ಎಂಬುದನ್ನೂ ಹೇಳಬೇಕು.

ಬೇಸಗೆಯ ನೀರಿನ ಪ್ರಶ್ನೆ ಇನ್ನೂ ತೀಕ್ಷ್ಣ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ತೋಟಗಾರಿಕೆ, ವಾಹನ ತೊಳೆಯುವಿಕೆ ಮುಂತಾದವುಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಹುಲ್ಲಿಗೆ ಸಂಸ್ಕರಿಸಿದ ಕೊಳಚೆನೀರೇ ಸರಿಯಾದ ಆಹಾರ. ಅದರಲ್ಲಿ ಸಾರಜನಕ, ರಂಜಕಗಳೂ ಇವೆ. ಆದರೆ ಅದರ ಜೊತೆಗೆ ಸೋಡಿಯಂ ಬರುತ್ತದೆ. ಸೋಡಿಯಂ ಸೇರಿದಂತೆಲ್ಲ ಜೇಡಿಯ ಕಣಗಳು ಚದುರಿ ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ. ಜಿಪ್ಸಮ್ ಹಾಕಿ ಅದನ್ನು ಕಣಗಳಿಂದ ಬಿಡಿಸಬಹುದು, ಬಿಡಿಸಿದ್ದನ್ನು ಮಳೆನೀರು ತೊಳೆದು ಕೆಳಗೊಯ್ಯಬೇಕು. ಕೆಳಗೆ ಹೋಗಲು ದಾರಿಯಿರಬೇಕು. ಬಸಿಗಾಲುವೆಯಿಲ್ಲದ ಮೈದಾನಕ್ಕೆ ಸಂಸ್ಕರಿಸಿದ ನೀರು ಹಾಯಿಸಿದರೆ ಕೆಲವು ವರ್ಷಗಳಲ್ಲಿ ನೆಲ ಚೌಳಾಗುತ್ತದೆ. ಕೊಳವೆಗಳಿಂದ ಬಸಿದ ನೀರನ್ನು ನೇರ ರಾಜಕಾಲುವೆಗೆ ಬಿಡದೆ, ಜೊಂಡು ಬೆಳೆದ ಕೊಳಕ್ಕೆ ಹರಿಸಿದರೆ ಗೊಬ್ಬರದ ಉಳಿಕೆ ಅಲ್ಲೇ ನಿಲ್ಲುತ್ತದೆ, ಅದೇ ನೀರು ಮತ್ತೆ ಹುಲ್ಲಿಗೆ ಬರುತ್ತದೆ. ಹುಲ್ಲಿನ ವ್ಯಾಪ್ತಿಯನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಅಮೆರಿಕದ ಪೈನ್‌ಹರ್ಸ್ಟ್‌ನ ಎರಡನೆಯ ಮೈದಾನವನ್ನು 2010–11ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಪುನರ್‌ರೂಪಿಸಿದಾಗ ನೀರುಣಿಸುವ ಹುಲ್ಲಿನ ಜಾಗ ಎಕರೆಗಟ್ಟಲೆ ಕಡಿಮೆಯಾಗಿ ಮೊದಲಿದ್ದ ಮರಳುಬಯಲು ಮರಳಿತು. 2014ರ ಯುಎಸ್ ಓಪನ್ ಅದೇ ಕಂದು ಬಣ್ಣದ ಮೈದಾನದಲ್ಲಿ ನಡೆಯಿತು.

ಕರ್ನಾಟಕದಲ್ಲಿ ಮನೆ ನಿವೇಶನಗಳ ಜೊತೆ ಹೊಸ ಗಾಲ್ಫ್ ಮೈದಾನಗಳು ಬರುತ್ತಿವೆ, ಹಳೆಯವು ನವೀಕರಣಕ್ಕೆ ಇಳಿಯುತ್ತಿವೆ. ಇವಕ್ಕೆ ಒಪ್ಪಿಗೆ ಕೊಡುವವರು ಹುಲ್ಲಿನ ತಳಿ, ಕ್ಲಬ್ ಹೌಸಿನ ಚಿತ್ರ ನೋಡುವ ಮುಂಚೆ ಮೂರು ದಾಖಲೆ ಕೇಳಬೇಕು: ಬಸಿಗಾಲುವೆಯ ಅಳತೆಸಹಿತ ನಕ್ಷೆ, ಬಸಿದ ನೀರು ಕೊನೆಗೆ ಸೇರುವ ಕೆರೆಯ ಹೆಸರು, ಬೇಸಗೆಗೆ ಸಂಸ್ಕರಿಸಿದ ನೀರು ಎಷ್ಟು, ಎಲ್ಲಿಂದ ಎಂಬ ಲೆಕ್ಕ. ಈ ಮೂರನ್ನೂ ಕೊಡಲಾಗದ ಮೈದಾನಕ್ಕೆ ಅನುಮತಿ ಕೊಡಬಾರದು.